ಗೇರ್ ಕೇಳಲು ಹೋದ ನಮ್ಮ ಮಾವ

ನಮ್ಮ ಮಾವ ಮೂವತ್ತೈದು ವರ್ಷಗಳಿಂದ ಜೆರಾಕ್ಸ್ ಮಶೀನುಗಳ ಮೆಕ್ಯಾನಿಕ್. ಈ ಮೂವತ್ತೈದು ವರ್ಷಗಳಲ್ಲಿ ಅವರು ಒಂದೇ ಒಂದು ಮಶೀನನ್ನೂ ರಿಪೇರಿ ಮಾಡಿಲ್ಲ! ಇದು ನಾನು ಹೊರಿಸುತ್ತಿರುವ ಆರೋಪವಲ್ಲ, ಸ್ವತಃ ಅವರೇ ಹೇಳುವ ಮಾತು. “ರಿಪೇರಿ ಅನ್ನೋದು ಸೈಕಲ್ಲಿಗಿ, ಸ್ಟೋವಿಗಿ. ಮಶೀನಿಗಿ ಆರಾಮಿಲ್ಲ ಅಂದ್ರ ಹೋಗಿ ಮಾತಾಡ್ಸಿಕೊಂಡು ಬರಬೇಕಪಾ” ಎನ್ನುತ್ತಾರೆ. ಹೀಗೆ ಮಾತಾಡಿಸಿಕೊಂಡು ಬರಲು ಅವರು ಬಳ್ಳಾರಿಯ ಗಲ್ಲಿಗಲ್ಲಿಯನ್ನಷ್ಟೇ ಅಲ್ಲ, ಸಿರುಗುಪ್ಪ, ಕುರುಗೋಡುಗಳನ್ನೂ ಬಸ್ಸಿನಲ್ಲಿ ಸುತ್ತುತ್ತಾರೆ. ಇಷ್ಟೂ ಕಡೆಯ ಮಶೀನುಗಳ ಕೆಮ್ಮು, ನೆಗಡಿ, ಅಜೀರ್ಣ ಎಲ್ಲವೂ ಅವರಿಗೆ ಬಾಯಿಪಾಠ. ನನ್ನ ತಾಯಿಯ ಖಾಸಾ ತಮ್ಮ ಅವರು. ಅಕ್ಕನಿಗೆ ಸಕ್ಕರೆ ಕಾಯಿಲೆ ಇರುವುದು ಮಾತ್ರ ಅವರಿಗೆ ಗೊತ್ತಾದದ್ದು ನಾಲ್ಕು ವರ್ಷದ ಮೇಲೆ!

ಅವರು ಮಶೀನು ನೋಡುವ ಗಾಂಭೀರ್ಯವನ್ನು ನೀವು ಕಣ್ಣಾರೆ ಕಾಣಬೇಕು. ಟೋನರ್ ಎಂದರೆ ಕಾಡಿಗೆಗಿಂತ ಕಪ್ಪಾದ ಪುಡಿ, ಒಂದು ಚಿಟಿಕೆ ತಾಗಿದರೆ ಮೂರು ದಿನ ಹೋಗದು. ಅಂಥ ಕೆಲಸಕ್ಕೆ ನಮ್ಮ ಮಾವ ತುಂಬುತೋಳಿನ ಬಿಳಿ ಅಂಗಿ ಹಾಕಿಕೊಂಡು ಹೋಗುತ್ತಾರೆ. ಯಾಕೆ ಎಂದರೆ, “ಕೆಲಸ ಗೊತ್ತಿದ್ದವನ ಅಂಗಿ ಬೆಳ್ಳಗ ಇರತೈತಿ” ಎಂಬ ಉತ್ತರ. ಅಂಗಿ ಬೆಳ್ಳಗೆ ಇರುವುದು ಅತ್ತೆಯ ಕೈಯ ಸೋಪಿನಿಂದ ಎಂಬುದು ಅವರಿರುವ ಪಾರ್ವತಿನಗರಕ್ಕೆಲ್ಲ ಗೊತ್ತು, ಅವರೊಬ್ಬರನ್ನು ಬಿಟ್ಟು. ಮಶೀನಿದ್ದ ಕೋಣೆಯ ಹೊರಗೆ ಚಪ್ಪಲಿ ಬಿಡುತ್ತಾರೆ. ಸ್ಕ್ರೂಡ್ರೈವರಿನ ತುದಿಯನ್ನು ಮಶೀನಿನ ಪಕ್ಕೆಗೆ, ಹಿಡಿಯನ್ನು ತಮ್ಮ ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಮೊದಲು ತೆಲುಗಿನಲ್ಲಿ, “ಏಮ್ಮಾ, ಏಮೈಂದಿ ನೀಕು?” ಎಂದು ಯೋಗಕ್ಷೇಮ. ಮೊಂಡು ಹಿಡಿದರೆ ಕನ್ನಡದಲ್ಲಿ ಬೈಗುಳ. ಹಾಳೆ ಸರಾಗವಾಗಿ ಹೊರಬಂದ ಕೂಡಲೇ ಉರ್ದುವಿನಲ್ಲಿ “ಶಾಬಾಸ್ ಬೇಟಾ!” ಎಲ್ಲೋ ಪರದೇಶದಲ್ಲಿ ಹುಟ್ಟಿದ ಮಶೀನಿಗೆ ಇಷ್ಟು ಭಾಷೆ ಹೇಗೆ ತಿಳಿಯುತ್ತದೆ ಎಂದು ಒಮ್ಮೆ ಕೇಳಿದೆ. “ಬಳ್ಳಾರಿಗಿ ಬಂದು ಇಪ್ಪತ್ತು ವರ್ಷ ಆತು. ಇನ್ನೂ ಕಲೀಲಿಲ್ಲ ಅಂದ್ರ ಅದು ಮಶೀನೇನು?” ಎಂದು ನನ್ನನ್ನೇ ಗದರಿದರು.

ಇನ್ನೊಂದು ನಿಯಮವಿದೆ. ಮಶೀನಿನ ಮುಂದೆ ‘ಕಂಡೆಮ್’, ಅಂದರೆ ಗುಜರಿಗೆ ಹಾಕುವ ಮಾತು ಆಡಬಾರದು. ಹಿಂದೆ ನಮ್ಮ ಆಫೀಸಿನಲ್ಲಿದ್ದ ಸಾಹೇಬರೊಬ್ಬರು ಇದು ತಿಳಿಯದೆ, “ಇದನ್ನ ಕಂಡೆಮ್ ಮಾಡೋದೇ ಒಳ್ಳೇದಲ್ವೇನ್ರಿ?” ಎಂದುಬಿಟ್ಟರು. ಮಾವ ಕೆಲಸ ನಿಲ್ಲಿಸಿ, ಅವರನ್ನು ಬಾಗಿಲಾಚೆ ಕರೆದೊಯ್ದು, “ನಿಮ್ಮ ಹಾಸಿಗಿ ಮುಂದ ನಿಂತು ಡಾಕ್ಟ್ರು ಹಿಂಗ ಅಂದ್ರ ನಿಮಗ ಹ್ಯಾಂಗ ಆಗಬೇಕ್ರಿ?” ಎಂದು ಪಿಸುದನಿಯಲ್ಲಿ ಕೇಳಿದರು. ಸಾಹೇಬರು ಆಮೇಲೆ ಮಶೀನಿನ ಕೋಣೆಯ ಕಡೆ ಬಂದದ್ದನ್ನು ಯಾರೂ ನೋಡಿಲ್ಲ.

ಮಶೀನುಗಳ ಜೊತೆ ಇಷ್ಟು ನಯವಾಗಿ ನಡೆದುಕೊಳ್ಳುವ ಮನುಷ್ಯ ಮನೆಯಲ್ಲಿ ಹೇಗಿರಬೇಕು ಹೇಳಿ? ಮನೆಯಲ್ಲಿ ಅವರು ಕೇಳುವುದೇ ಇಲ್ಲ, ಹೇಳುತ್ತಾರೆ. “ನಾಳೆ ನಾಕು ಮಂದಿ ಊಟಕ್ಕ ಬರ್ತಾರ.” “ಬರೋ ವಾರ ಅಕ್ಕನ ಮನಿಗಿ ಹೋಗಾಕ ತಯಾರಾಗು.” ಅಷ್ಟೇ. ಹದಿನೆಂಟು ವರ್ಷದ ಹಿಂದೆ ಒಂದು ದಿನ ಲಗೇಜು ಆಟೋದಲ್ಲಿ ಒಂದು ಹಳೆಯ ಮಶೀನು ತಂದು, ಪಡಸಾಲೆಯಲ್ಲಿದ್ದ ಅತ್ತೆಯ ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ, ಆ ಜಾಗದಲ್ಲಿ ಇದನ್ನು ಕೂರಿಸಿ, “ಇನ್ನ ಮ್ಯಾಲ ಇದನ್ನ ನೀ ನೋಡ್ಕೋ” ಎಂದು ಹೇಳಿ ಊಟಕ್ಕೆ ಕುಳಿತರು. ಅತ್ತೆ ನೋಡಿಕೊಂಡರು. ಅಂದಿನಿಂದ ಪಾರ್ವತಿನಗರದ ಆ ಓಣಿಯ ಆಧಾರ್ ಕಾರ್ಡು, ರೇಷನ್ ಕಾರ್ಡು, ಶಾಲೆಯ ಮಕ್ಕಳ ನೋಟ್ಸು ಎಲ್ಲವೂ ಅತ್ತೆಯ ಕಿಟಕಿಯಲ್ಲೇ ನಕಲಾಗುವುದು. ಜೊತೆಗೆ ಓಣಿಯ ಸಮಾಚಾರವೂ ಅಲ್ಲೇ ನಕಲಾಗಿ ಮನೆಮನೆಗೆ ಹೋಗುವುದು.

ಈಗ ನಮ್ಮ ಆಫೀಸಿನ ಸಂಗತಿಗೆ ಬರುತ್ತೇನೆ. ಗಾಂಧಿನಗರದಲ್ಲಿದೆ. ಯಾವ ಇಲಾಖೆ ಎಂದು ಮಾತ್ರ ಕೇಳಬೇಡಿ, ನಾನು ರಿಟೈರ್ ಆಗಲು ಇನ್ನೂ ಒಂಬತ್ತು ವರ್ಷವಿದೆ! ನಮ್ಮ ಮಶೀನು ಆಫೀಸಿನ ಅರ್ಧ ಸಿಬ್ಬಂದಿಗಿಂತ ಸೀನಿಯರ್. ಅದನ್ನು ನಡೆಸುವವಳು ಹುಲಿಗೆಮ್ಮ, ಸಿರುಗುಪ್ಪದ ಕಡೆಯವಳು. ಹನ್ನೊಂದು ವರ್ಷದ ಹಿಂದೆ ಕಸ ಗುಡಿಸಲು ಬಂದಾಗ ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಮಶೀನು ನಡೆಸುತ್ತಿದ್ದವನು ಕೆಲಸ ಬಿಟ್ಟು ಹೋದಾಗ ನಾಲ್ಕು ದಿನದ ಮಟ್ಟಿಗೆ ಎಂದು ಆಕೆಯನ್ನು ನಿಲ್ಲಿಸಿದರು. ಆಕೆ ಹೊರಬಂದ ಬಿಸಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದು, “ಸರ, ಇದ್ಯಾವ ಅಕ್ಷರ್ರಿ?” ಎಂದು ಕೇಳುತ್ತಿದ್ದಳು. ದಿನಕ್ಕೆ ಒಂದು ಅಕ್ಷರ, ಆಮೇಲೆ ಒಂದು ಪದ. ಈಗ ಸುತ್ತೋಲೆಗಳಲ್ಲಿ ನಾವು ಮಾಡುವ ತಪ್ಪನ್ನು ಆಕೆಯೇ ಹಿಡಿದು ತಂದು, “ಇದಕ್ಕ ಒತ್ತು ಬರಬೇಕಲ್ರಿ ಸರ?” ಎಂದು ನಮ್ಮ ಮಾನ ಕಳೆಯುತ್ತಾಳೆ.

ಆ ಮಶೀನು ಒಂದು ಮಂಗಳವಾರ ಕಟಕಟ ಎಂದು ಹಲ್ಲು ಕಡಿದು ನಿಂತುಬಿಟ್ಟಿತು. ಹಾಳೆ ಒಳಗೇ ಮಡಚಿ ಸೀರೆಯ ನೆರಿಗೆಯಾಗಿತ್ತು. ಹಿಂದೆಯೂ ನಿಂತಿದ್ದುಂಟು, ಆದರೆ ಈ ಸಲ ಗಳಿಗೆ ಕೆಟ್ಟಿತ್ತು. ಬರುವ ಸೋಮವಾರ ನಿರುಪಯುಕ್ತ ಸಾಮಾನುಗಳ ಕಮಿಟಿಯವರು ಬರುವವರಿದ್ದರು. ಕಾಲು ಮುರಿದ ಕುರ್ಚಿ, ಬಾಗಿಲಿಲ್ಲದ ಬೀರು, ಇವುಗಳ ಪಟ್ಟಿಗೆ ಮಶೀನಿನ ಹೆಸರೂ ಸೇರಿತು. ಹುಲಿಗೆಮ್ಮ ಗುತ್ತಿಗೆ ಕೆಲಸದವಳು. ಆಕೆಯ ಆರ್ಡರಿನಲ್ಲಿ ಇರುವುದು ಆ ಮಶೀನಿನ ನಂಬರು. ಮಶೀನು ಹೋದರೆ ಆರ್ಡರೂ ಹೋಯಿತು. ಬರುವ ಹೊಸ ಮಶೀನು ಕಂಪ್ಯೂಟರಿಗೆ ಜೋಡಿಸುವಂಥದ್ದು, ನಾವು ಕುಳಿತಲ್ಲೇ ಗುಂಡಿ ಒತ್ತಿದರೆ ಸಾಕು, ಅದರ ಮುಂದೆ ಯಾರೂ ನಿಲ್ಲಬೇಕಿಲ್ಲ.

“ನನ್ನ ಕೈಯಾಗ ಏನೈತ್ರಿ?” ಎಂದರು ಈಗಿನ ಸಾಹೇಬರು. ಒಳ್ಳೆಯವರು, ನಿಜವಾಗಿಯೂ ನೊಂದುಕೊಂಡೇ ಹೇಳಿದರು. “ಸೋಮವಾರ ಅವರ ಮುಂದ ಓಡಿತು ಅಂದ್ರ ಪಟ್ಟಿಯಿಂದ ತಗಸ್ತೀನಿ. ಇಲ್ಲಂದ್ರ ಸಹಿ ಹಾಕಲೇಬೇಕು.”

ಹುಲಿಗೆಮ್ಮ ಅಳಲಿಲ್ಲ. “ಮಗಳ ನರ್ಸಿಂಗು ಇನ್ನೊಂದು ವರ್ಷ ಐತ್ರಿ ಸರ. ಅಲ್ಲೀತನ ಉಳದ್ರ ಸಾಕಿತ್ತು” ಎಂದಳು. ತನ್ನ ಬಗ್ಗೆ ಹೇಳಿದಳೋ ಮಶೀನಿನ ಬಗ್ಗೆಯೋ ತಿಳಿಯಲಿಲ್ಲ. ನಾನು ಮಾವನಿಗೆ ಫೋನು ಮಾಡಿದೆ.

ಮಾವ ಬಂದು, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ತೆಲುಗಿನಲ್ಲಿ ವಿಚಾರಿಸಿ, ಹಿಂಬದಿಯ ಮುಚ್ಚಳ ಬಿಚ್ಚಿ, ಬೆರಳುಗಾತ್ರದ ಒಂದು ಪ್ಲಾಸ್ಟಿಕ್ ಗೇರ್ ಹೊರತೆಗೆದರು. ಹಾಳೆಯ ಮೇಲಿನ ಪುಡಿಯನ್ನು ಕರಗಿಸಿ ಅಂಟಿಸುವ ಬಿಸಿ ರೋಲರನ್ನು ತಿರುಗಿಸುವುದು ಅದು. ವರ್ಷಾನುಗಟ್ಟಲೆ ಕಾದು ಕಾದು ಮೂರು ಹಲ್ಲು ಉದುರಿದ್ದವು. ಈ ಗೇರ್ ಮಾಡುವುದನ್ನು ಕಂಪನಿಯವರು ಬಿಟ್ಟು ಬಹಳ ಕಾಲವಾಗಿದೆ. ನಾನು ಅಂಗಡಿಯಿಂದ ಅಂಥದ್ದೇ ಒಂದನ್ನು ಹುಡುಕಿ ತಂದುಕೊಟ್ಟೆ. ಮಾವ ಎಣಿಸಿ ನೋಡಿ, “ಒಂದು ಹಲ್ಲು ಹೆಚ್ಚೈತಿ” ಎಂದು ಹಿಂದಕ್ಕೆ ಕೊಟ್ಟರು.

“ಹೆಚ್ಚಿದ್ದರೆ ಒಳ್ಳೇದೇ ಅಲ್ಲೇನು ಮಾವ?”

“ನಿನ್ನ ಬಾಯಾಗ ಮೂವತ್ಮೂರನೇದು ಹಚ್ಚಲೇನು?” ಎಂದರು.

ಉಳಿದದ್ದು ಒಂದೇ ದಾರಿ. ಇದೇ ಜಾತಿಯ, ನಿಂತುಹೋದ ಇನ್ನೊಂದು ಮಶೀನಿನಿಂದ ಗೇರ್ ತರುವುದು. ಬೇರೆ ಮೆಕ್ಯಾನಿಕ್ ಆಗಿದ್ದರೆ ಹೋಗಿ ಬಿಚ್ಚಿಕೊಂಡು ಬರುತ್ತಿದ್ದ. ನಮ್ಮ ಮಾವ ಹಾಗಲ್ಲ! ಹೆಣ್ಣು ಕೇಳಲು ಹೋದ ಹಾಗೆ ಹೋಗುತ್ತಾರೆ. ಕಿಸೆಯಲ್ಲಿ ಎಲೆ ಅಡಿಕೆ. ಒಳಗೆ ಕರೆದು “ಕುಂದರ್ರಿ” ಎನ್ನುವವರೆಗೆ ಕೂರುವುದಿಲ್ಲ. ಎಲೆ ಅಡಿಕೆ ಇಟ್ಟು ಕೇಳುವುದು ಮಶೀನಿನ ಒಡೆಯನನ್ನಲ್ಲ, ಅದರ ಮುಂದೆ ನಿಂತು ಕೆಲಸ ಮಾಡಿದವರನ್ನು. “ಒಡೆಯ ಬಿಲ್ಲಿಗಿ ಸಹಿ ಹಾಕಿರ್ತಾನ, ಅಷ್ಟ. ಅದರ ಸಂಗಾಟ ನಿಂತಾಕಿ ಬ್ಯಾರೆ ಇರ್ತಾಳ” ಎಂಬುದು ಅವರ ತರ್ಕ. ಹಾಗೆ ನಿಂತವರು ಎಲೆ ಅಡಿಕೆ ಎತ್ತಿಕೊಂಡರೆ ಒಪ್ಪಿಗೆ. ಅಂದಿನಿಂದ ಎರಡೂ ಕಡೆಯವರು ಬೀಗರು! ಒಮ್ಮೆ ಯಾವುದೋ ಕಾಲೇಜಿನ ಪ್ರಿನ್ಸಿಪಾಲರು ಧಾರಾಳವಾಗಿ “ತಗೊಂಡು ಹೋಗ್ರಿ” ಎಂದರೂ, ಊಟಕ್ಕೆ ಹೋದ ಜವಾನ ಬರುವವರೆಗೆ ಮಾವ ಎರಡು ತಾಸು ಬಾಗಿಲಲ್ಲೇ ನಿಂತಿದ್ದರಂತೆ. ಜವಾನ ಗಾಬರಿಯಾಗಿ, ಪೊಲೀಸರಿರಬೇಕೆಂದು ಹಿಂದಿನ ಗೋಡೆ ಹಾರಲು ನೋಡಿದ್ದನಂತೆ.

ಶುಕ್ರವಾರ ನಾನು ರಜೆ ಹಾಕಿ ಅವರ ಜೊತೆ ಸಿರುಗುಪ್ಪಕ್ಕೆ ಹೋದೆ. ಅಲ್ಲಿನ ಒಂದು ಟೈಪಿಂಗ್ ಅಂಗಡಿಯಲ್ಲಿ ಇಂಥದ್ದೇ ಮಶೀನು ನಿಂತಿತ್ತು. ಹೋಗಿ ನೋಡಿದರೆ ಆ ಜಾಗದಲ್ಲಿ ಮೂರು ಪ್ಲಾಸ್ಟಿಕ್ ಕುರ್ಚಿ. “ಹೋದ ವಾರ ಗುಜರಿಯವ್ರಿಗಿ ಹಾಕಿದ್ವಿ” ಎಂದ ಅಂಗಡಿಯವನು ನಗುತ್ತ ಚಹಾ ತರಿಸಿದ. ಮಾವ ಚಹಾ ಮುಟ್ಟಲಿಲ್ಲ. ಸತ್ತ ಮನೆಯಲ್ಲಿ ಕುಡಿಯುವುದುಂಟೇ? ಹೊರಗೆ ಬಂದು, “ನಡಿ, ಕೆಂಚನಗುಡ್ಡಕ್ಕ ಹೋಗಿ ಕಾಲು ತೊಳಕೊಂಡು ಬರೂಣು” ಎಂದರು. ಉರಿಬಿಸಿಲಲ್ಲಿ ತುಂಗಭದ್ರೆಯ ದಂಡೆಗೆ ಹೋಗಿ, ಪ್ಯಾಂಟು ಮಡಚಿ, ಒಂದು ಜೆರಾಕ್ಸ್ ಮಶೀನಿನ ಸೂತಕ ಕಳೆದುಕೊಂಡ ಸರ್ಕಾರಿ ನೌಕರ ನಾನೊಬ್ಬನೇ ಇರಬೇಕು. ನಗು ಬರುತ್ತಿತ್ತು. ಮಾವನ ಮುಖ ನೋಡಿ ನಗಲಾಗಲಿಲ್ಲ.

ಶನಿವಾರ ಕುರುಗೋಡು. ಹುಲಿಗೆಮ್ಮನೂ ಬಂದಳು. ಅಲ್ಲಿ ಒಂದು ಅಂಗಡಿಯ ಮೂಲೆಯಲ್ಲಿ, ಹಳೆಯ ದುಪ್ಪಟಿ ಹೊದ್ದುಕೊಂಡು ನಮ್ಮ ಮಶೀನಿನ ಅವಳಿ ಕುಳಿತಿತ್ತು. ನಿಂತು ವರ್ಷವಾಗಿದೆ ಎಂದರು. ಅಂಗಡಿಯ ಯಜಮಾನ, “ಗೇರ್ ಏನು, ಪೂರಾ ಒಯ್ರಿ, ಜಾಗ ಖುಲ್ಲಾ ಆಗತೈತಿ!” ಎಂದ. ನನ್ನ ಜೀವ ಬಂದ ಹಾಗಾಯಿತು. ಮಾವ ಕದಲಲಿಲ್ಲ. “ಇದನ್ನ ಓಡಸ್ತಿದ್ದವ್ರು ಯಾರು?” ಎಂದು ಕೇಳಿದರು.

ಒಳಗಿನಿಂದ ಯಜಮಾನನ ಸೊಸೆ ಬಂದಳು. ಮಾವ ಎಲೆ ಅಡಿಕೆ ಇಟ್ಟು ವಿಷಯ ಹೇಳಿದರು. ಆಕೆ ಮಶೀನಿನ ದುಪ್ಪಟಿ ಸರಿಮಾಡುತ್ತ, “ನಾನು ದಿನಾ ಒರಸ್ತೀನ್ರಿ ಅದನ್ನ. ಇಂದಲ್ಲ ನಾಳಿ ಚಾಲೂ ಮಾಡಿಕೊಡ್ತೀನಿ ಅಂದಾರ ನಮ್ಮವ್ರು” ಎಂದಳು. ಎಲೆ ಅಡಿಕೆ ಇಟ್ಟಲ್ಲೇ ಇತ್ತು.

“ಲೇ, ಸುಮ್ನ ಕೊಡಬಾರದೇನು?” ಎಂದು ಯಜಮಾನ ಗದರಿದ.

“ಬ್ಯಾಡ್ರಿ, ಆಕೀನ ಏನೂ ಅನಬ್ಯಾಡ್ರಿ” ಎಂದು ಮಾವ ಎದ್ದರು. ಆ ಸೊಸೆಗೆ, “ಆತವಾ, ತಪ್ಪಿಲ್ಲ. ಚಾಲೂ ಮಾಡೋ ದಿನ ನನಗ ಹೇಳಿ ಕಳಸು, ಬರ್ತೀನಿ” ಎಂದು ಕೈ ಮುಗಿದರು. ಹುಲಿಗೆಮ್ಮನೂ ಕೈ ಮುಗಿದಳು.

ಬಸ್ಸಿನಲ್ಲಿ ನನ್ನ ಸಿಟ್ಟು ನೆತ್ತಿಗೇರಿತು. ಒಡೆಯ ಕೊಡುತ್ತೇನೆಂದರೂ ಕೈ ಬೀಸಿಕೊಂಡು ಬರುವುದೆಂದರೇನು? ಪಕ್ಕದ ಸೀಟಿನಲ್ಲಿ ಕುಳಿತ ಹೆಂಗಸಿನ ಕೆಲಸ ಹೋಗುತ್ತಿದೆ, ಇವರಿಗೆ ಶಾಸ್ತ್ರ ಮುಖ್ಯವೇ! ಹುಲಿಗೆಮ್ಮ ಕಿಟಕಿಗೆ ಒರಗಿ ಕಣ್ಣು ಮುಚ್ಚಿದ್ದಳು. ನಾನು ತಡೆಯಲಾರದೆ, “ಮಾವ, ನಿಮ್ಮ ಮನ್ಯಾಗ ಇರೋದೂ ಇದ ಮಾಡೆಲ್ ಅಲ್ಲೇನು?” ಎಂದೆ. ಅವರು ಮುಖ ಹೊರಗೆ ತಿರುಗಿಸಿದರು. “ಅದರ ಗೇರ್ ಬಿಚ್ಚಿ ಹಾಕಿದ್ರ ಆಗಂಗಿಲ್ಲೇನು?” ಎಂದೆ. ಬಳ್ಳಾರಿ ಬರುವವರೆಗೂ ಅವರು ಹೊರಗೆ ನೋಡುತ್ತಲೇ ಇದ್ದರು. ಊರವರ ಮಶೀನಿಗಾದರೆ ಎಲೆ ಅಡಿಕೆ ಹಿಡಿದು ಓಡುವ ಮನುಷ್ಯ, ತನ್ನ ಮನೆಯದು ಎಂದ ಕೂಡಲೇ ಕಿವುಡಾದರಲ್ಲ! ಇವರ ಶಾಸ್ತ್ರವೆಲ್ಲ ಇಷ್ಟೇ ಎಂದುಕೊಂಡೆ. ಅವರ ವಿಷಯದಲ್ಲಿ ನನಗೆ ಅಷ್ಟು ಬೇಸರವಾದದ್ದು ಅದೇ ಮೊದಲು. ಇಳಿಯುವಾಗ ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ.

ಸೋಮವಾರ ನಾನು ಆಫೀಸು ಮುಟ್ಟುವ ಹೊತ್ತಿಗೆ ಕೋಣೆಯ ಹೊರಗೆ ಮಾವನ ಚಪ್ಪಲಿ ಇದ್ದವು. ಒಳಗೆ ಅವರು ಕರವಸ್ತ್ರ ಬಿಚ್ಚಿ ಒಂದು ಗೇರನ್ನು ಹುಲಿಗೆಮ್ಮನ ಅಂಗೈಗೆ ಇಟ್ಟು, “ನೀನ ಹಾಕವಾ” ಎನ್ನುತ್ತಿದ್ದರು. ಆಕೆ ಹಾಕಿದಳು. ಮಾವ ಮುಚ್ಚಳ ಬಿಗಿದರು. ಕಮಿಟಿಯ ಮೂವರು ಕಾಲು ಮುರಿದ ಕುರ್ಚಿಗಳನ್ನೆಲ್ಲ ಮುಗಿಸಿಕೊಂಡು ಬಂದು ನಿಂತಾಗ ಸಾಹೇಬರು ಆ ನಿರುಪಯುಕ್ತ ಸಾಮಾನುಗಳ ಪಟ್ಟಿಯನ್ನೇ ಆಕೆಯ ಕೈಗೆ ಕೊಟ್ಟು, “ಮೂರು ಕಾಪಿ ತಗಿಯಮ್ಮ” ಎಂದರು. ಹುಲಿಗೆಮ್ಮ ಗುಂಡಿ ಒತ್ತಿದಳು. ಮಶೀನು ಒಮ್ಮೆ ಗೊಣಗಿತು, ಬೆಳಕು ಹರಿಯಿತು, ಒಂದು, ಎರಡು, ಮೂರು ಹಾಳೆಗಳು ಬಿಸಿಬಿಸಿಯಾಗಿ ಬಂದು ಬಿದ್ದವು. ತನ್ನ ಹೆಸರಿದ್ದ ಪಟ್ಟಿಯನ್ನು ತಾನೇ ಅಚ್ಚುಕಟ್ಟಾಗಿ ನಕಲು ಮಾಡಿಕೊಟ್ಟಿತ್ತು! ಕಮಿಟಿಯ ಹಿರಿಯರು ಬೆರಳಿನಿಂದ ಉಜ್ಜಿ ನೋಡಿದರು. ಮಸಿ ಏಳಲಿಲ್ಲ. ಪೆನ್ನು ತೆಗೆದು ಮಶೀನಿನ ಹೆಸರಿದ್ದ ಏಳನೆಯ ಸಾಲು ಹೊಡೆದು ಹಾಕಿದರು.

ಹುಲಿಗೆಮ್ಮ ಈಗ ಅತ್ತಳು. ಮಾವನ “ಶಾಬಾಸ್ ಬೇಟಾ” ಕೇಳಲು ನಾನು ಕಾದೆ. ಅವರು ಚೀಲ ಎತ್ತಿಕೊಂಡು ಚಪ್ಪಲಿ ಮೆಟ್ಟಿ ಹೊರಟುಹೋದರು.

ಸಂಜೆ ಪಾರ್ವತಿನಗರಕ್ಕೆ ಹೋದೆ. ಗೇರ್ ಎಲ್ಲಿಯದೆಂದು ಊಹಿಸಿದ್ದೆ. ನನ್ನ ಮಾತು ನಾಟಿ, ಅವರು ಮನೆಯ ಮಶೀನಿನಿಂದ ಬಿಚ್ಚಿ ತಂದಿರಬೇಕು. ಎಂದಿನಂತೆ ಅತ್ತೆಗೆ ಹೇಳಿರುತ್ತಾರೆ, ಕೇಳಿರುವುದಿಲ್ಲ. ನನ್ನಿಂದ ಅತ್ತೆಯ ಕಿಟಕಿ ಮುಚ್ಚಿತಲ್ಲ ಎಂದು ದಾರಿಯುದ್ದಕ್ಕೂ ಅಪರಾಧಿ ಭಾವ. ಮಾವ ಮನೆಯಲ್ಲಿರಲಿಲ್ಲ. ಪಡಸಾಲೆಯಲ್ಲಿ ಅತ್ತೆ ಮಶೀನಿನ ಪಕ್ಕ ಕುಳಿತಿದ್ದರು. ಕಿಟಕಿಯಲ್ಲಿ ಒಬ್ಬಾಕೆ ಆಧಾರ್ ಕಾರ್ಡು ಚಾಚಿದಳು. “ಇವತ್ತಿಲ್ಲವಾ, ಒಂದೀಟು ದಿನ ತಡೀಬೇಕು” ಎಂದು ಅತ್ತೆ ಕಳಿಸಿದರು.

“ಅತ್ತಿ, ತಪ್ಪು ನಂದು. ಮಾವಗ ನಾನ ಹೇಳಿದ್ದೆ” ಎಂದೆ.

“ನೀ ಹೇಳಿದ್ದು ಅವ್ರು ಹೇಳ್ಯಾರ. ಅದಿರಲಿ, ನಿನ್ನಿ ಏನಾತು ಕೇಳು” ಎಂದರು ಅತ್ತೆ. “ಐತಾರ ಅಲ್ಲೇನು, ನಾನಿಲ್ಲಿ ಮಶೀನು ಒರಸಾಕತ್ತಿದ್ದೆ. ಇವ್ರು ಜಳಕ ಮಾಡಿ, ಅಂಗಿ ಹಾಕ್ಕೊಂಡು, ಹಿತ್ತಲ ಬಾಗ್ಲಾಗಿಂದ ಹೊರಗ ಹೋದ್ರು. ಓಣಿ ಸುತ್ತಿ ಬಂದು ಮುಂದಿನ ಬಾಗ್ಲ ಬಡದ್ರು. ಚಪ್ಲಿ ಬಿಟ್ಟು ಹೊಸ್ತಿಲಾಚೆ ನಿಂತ್ರು. ‘ಏನ್ರಿ ಇದು, ನಿಮ್ಮ ಮನಿಗಿ ನೀವ’ ಅಂದೆ. ಮಾತಿಲ್ಲ. ‘ಒಳಗ ಬರ್ರಿ’ ಅಂದ ಮ್ಯಾಲ ಬಂದ್ರು. ‘ಕುಂದರ್ರಿ’ ಅಂದ ಮ್ಯಾಲ ಕುಂತ್ರು. ಕಿಸೇದಾಗಿಂದ ಎಲಿ ಅಡಿಕಿ ತಗದು ನನ್ನ ಮುಂದ ಇಟ್ರು ನೋಡು.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಾನೂ ನಕ್ಕೆ.

“ಆ ಹುಲಿಗೆಮ್ಮನ ಸುದ್ದಿ ಎಲ್ಲಾ ಹೇಳಿದ್ರು. ಗೇರ್ ಕೊಡ್ತೀಯೇನು ಅಂತ ಕೇಳಿದ್ರು. ಮದಿವಿ ಆಗಿ ಇಷ್ಟು ವರ್ಷದಾಗ ಕೊಡ್ತೀಯೇನು, ಬರ್ತೀಯೇನು, ಮಾಡ್ತೀಯೇನು ಅಂತ ಒಂದಿನಾನೂ ಕೇಳಿದ ಮನಷ್ಯಾ ಅಲ್ಲ. ನನಗೂ ಹಟ ಬಂತು. ‘ಕೊಡಂಗಿಲ್ಲ ಅಂದ್ರ ಏನ್ ಮಾಡ್ತೀರಿ?’ ಅಂದೆ. ‘ಎದ್ದು ಹೋಗ್ತೀನಿ. ಮಶೀನು ನಿಂದು’ ಅಂದ್ರು. ಸ್ಕ್ರೂಡ್ರೈವರ್ ನಾನ ತಂದುಕೊಟ್ಟೆ.”

ಅವರ ನಗು ನಿಂತಿತ್ತು. ನಿಂತ ಮಶೀನಿನ ಮೇಲೆ ಕೈಯಾಡಿಸಿದರು.

“ಹದಿನೆಂಟು ವರ್ಷ ಇದರ ಮುಂದ ನಿಂತೀನಪಾ” ಎಂದರು. “ಇದು ನಂದು ಅಂತ ನಿನ್ನಿ ಗೊತ್ತಾತು.”